ಹಿಮಕ್ಕೆ ಕಟ್ಟಿದ ಮುಡಿಪು

ಸೋಮವಾರ ಬೆಳಿಗ್ಗೆ ಬೀರು ತೆಗೆದೆ. ಫೈಲು ಇರಲಿಲ್ಲ.

ಸ್ವೆಟರ್ ಇತ್ತು. ಉಣ್ಣೆಯ ಕಾಲುಚೀಲ ಇತ್ತು. ಬಂಗಾರದ ಸರವೂ ಇದ್ದಲ್ಲೇ ಇತ್ತು. ಹೋಗಿದ್ದು ನೀಲಿ ಫೈಲು ಒಂದೇ. ಅದರಲ್ಲಿದ್ದದ್ದು ಹಿಮಾಚಲದ ಒಂದು ರಾಷ್ಟ್ರೀಯ ಉದ್ಯಾನದ ಪರ್ಮಿಟ್ಟು. ಚಳಿಗಾಲದಲ್ಲಿ ಅಲ್ಲಿಗೆ ಬಿಡುವುದೇ ಬೆರಳೆಣಿಕೆಯ ಜನರನ್ನು. ಸೀಲು ಬಿದ್ದ ಅಸಲು ಕಾಗದ ತೋರಿಸದಿದ್ದರೆ ಗೇಟು ತೆಗೆಯುವುದಿಲ್ಲ. ಇನ್ನೊಂದು ಪ್ರತಿ ಬರುವಷ್ಟರಲ್ಲಿ ಹಿಮ ಕರಗಿರುತ್ತದೆ. ನಮ್ಮ ರೈಲು ಬುಧವಾರ.

ನಾನು ಹಂಪಕ್ಕ. ಬಳ್ಳಾರಿಯಲ್ಲಿ ಮೂವತ್ತೆರಡು ವರ್ಷ ಪೊಲೀಸ್ ಕೆಲಸ ಮಾಡಿ, ಎ.ಎಸ್.ಐ. ಆಗಿ ರಿಟೈರಾದವಳು. ಗಾಂಧಿನಗರದ ನನ್ನ ಮನೆಯಲ್ಲೇ ಕಳ್ಳತನ! ಮೈಯೆಲ್ಲ ಉರಿದುಹೋಯಿತು.

ಉರಿಯಲು ಇನ್ನೊಂದು ಕಾರಣವೂ ಇತ್ತು. ನನ್ನ ದೃಷ್ಟಿ ಹೋಗುತ್ತಿದೆ. ಗ್ಲಾಕೋಮಾ. ಈಗಲೇ ಕೊಳವೆಯಲ್ಲಿ ಇಣುಕಿದಷ್ಟೇ ಕಾಣುತ್ತದೆ. "ನೋಡಬೇಕಾದ್ದನ್ನ ಈ ವರ್ಷ ನೋಡಿಬಿಡ್ರಿ" ಅಂದಿದ್ದರು ಡಾಕ್ಟರು. ಬಿಸಿಲಲ್ಲಿ ಬಂದೋಬಸ್ತಿಗೆ ನಿಂತು ನಿಂತು ಬೆಂದವಳು ನಾನು. ಹಿಮ ಒಂದನ್ನು ನೋಡಿಬಿಡಬೇಕು, ಆಮೇಲೆ ಕತ್ತಲಾದರೆ ಆಗಲಿ ಅಂದುಕೊಂಡಿದ್ದೆ.

ಜೊತೆಗೆ ಹೊರಟವಳು ಸುನಂದಾ. ಕುರುಗೋಡಿನ ರಿಟೈರ್ಡ್ ಟೀಚರು, ಪರ್ಸಿನಲ್ಲಿ ಸದಾ ವಿಭೂತಿ ಇಟ್ಟುಕೊಳ್ಳುವ ಶಿವಭಕ್ತೆ, ನಲವತ್ತು ವರ್ಷದ ಗೆಳತಿ. ಪ್ರವಾಸದ ಯೋಜನೆಯೆಲ್ಲ ಅವಳದೇ. ಮೂರು ವರ್ಷದಿಂದ ಆ ಬೆಟ್ಟಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ನನಗೆ ಓದಿ ಹೇಳಿದವಳು ಅವಳು. ಅರ್ಜಿ ತುಂಬಿದವಳೂ ಅವಳೇ. ಫೋನ್ ಹಚ್ಚಿದೆ.

"ಸುನಂದಾ, ಫೈಲು ಕಳುವಾಗೈತಿ."

ಆ ಕಡೆ ಕೂಡಲೇ ಅಳು. "ಅಯ್ಯೋ ಶಿವನೇ! ಹೋಗ್ಲಿ ಬಿಡು ಹಂಪಿ, ಮನಸ್ಸಿಗೆ ಹಚ್ಕೋಬ್ಯಾಡ. ಮುಂದಿನ ವರ್ಷ ಹೋಗೂಣು."

ಮುಂದಿನ ವರ್ಷ! ಆ ಮಾತು ಚುಚ್ಚಿತು. ಗಾಬರಿಯಲ್ಲಿ ಅಂದಿರಬೇಕು ಅಂತ ಸುಮ್ಮನಾದೆ.

* * *

ಬೀಗ ಮುರಿದಿರಲಿಲ್ಲ. ಭಾನುವಾರ ಮುಂಜಾನೆ ಫೈಲನ್ನು ಕೈಯಾರೆ ಮುಟ್ಟಿದ್ದೆ. ಆಮೇಲೆ ಮನೆಗೆ ಬಂದವರು ಇಬ್ಬರೇ. ಊಟಕ್ಕೆ ಬಂದಿದ್ದ ಸುನಂದಾ, ಸಿರುಗುಪ್ಪದಿಂದ ಬಂದಿದ್ದ ನನ್ನ ತಮ್ಮ ಕರಿಬಸವ.

ಕರಿಬಸವ ಅವತ್ತು ಜಗಳ ತೆಗೆದಿದ್ದ. "ಕಣ್ಣು ಕಾಣ್ದಾಕಿ ಬರ್ಫದಾಗ ಜಾರಿ ಬಿದ್ರ ಯಾರು ಹೊರಬೇಕು?" ಅಂತ ಕೂಗಾಡಿದ್ದ. ಸುನಂದಾ ನನ್ನ ಪರ ವಾದ ಮಾಡಿದ್ದಳು.

ಪಕ್ಕದ ಮನೆಯ ಗಾದೆಮ್ಮ ಗೋಡೆಯಾಚೆಯಿಂದಲೇ ಸಾಕ್ಷಿ ನುಡಿದಳು. "ನಿಮ್ಮ ತಮ್ಮ ನಿನ್ನೆ ಟವೆಲ್‌ದಾಗ ಏನೋ ಸುತ್ಕೊಂಡು ಹೋದ್ರು ನೋಡ್ರಿ ಹಂಪಕ್ಕ. ಕರದ್ರೂ ತಿರುಗಿ ನೋಡ್ಲಿಲ್ಲ."

ಸಾಕಲ್ಲ! ಸಿರುಗುಪ್ಪದ ಬಸ್ಸು ಹತ್ತಿದೆ.

ಅವನು ಅಕ್ಕಿ ಮಿಲ್ಲಿನಲ್ಲಿ ಮೇಲ್ವಿಚಾರಕ. ಧೂಳಿನಲ್ಲೇ ನಿಲ್ಲಿಸಿ ಕೇಳಿದೆ.

"ಟವೆಲ್‌ದಾಗ ಏನಿತ್ತು?"

"ಯಾವ ಟವೆಲ್?"

"ಲೇ ಕರಿಬಸವ, ನನ್ನ ಮುಂದ ನಾಟಕ ಆಡಬ್ಯಾಡ. ನಿನ್ನಂಥೋರು ಎಷ್ಟೋ ಮಂದೀನ ನೋಡೀನಿ."

ಅವನು ತಲೆ ಕೆರೆದುಕೊಂಡ. ಒಳಗೆ ಹೋಗಿ ಒಂದು ಡಬ್ಬಿ ತಂದು ಕೈಗಿಟ್ಟ. ಒಳಗೆ ಕಪ್ಪು ಕನ್ನಡಕ.

"ನಿನ್ನ ಹಳೇ ಚಾಳೀಸು ಒಯ್ದಿದ್ದೆ ಅಕ್ಕಾ. ನಿನ್ನೆ ಸಂಜೀನ ಅಂಗಡ್ಯಾಗ ಕುಂತು ಅದ ನಂಬರಿಗೆ ಕರಿ ಗ್ಲಾಸ್ ಹಾಕಿಸೀನಿ. ಬರ್ಫದ ಮ್ಯಾಲೆ ಬಿಸಿಲು ಬಿದ್ರ ಕಣ್ಣಿಗೆ ಭಾಳ ಹೊಡೀತದಂತ."

"ಹೋಗಬ್ಯಾಡ ಅಂದಿದ್ದಿ?"

"ಈಗೂ ಅಂತೀನಿ. ನೀ ಯಾರ ಮಾತು ಕೇಳಾಕಿ?"

ನನಗೆ ನಾಚಿಕೆಯಾಯಿತು. ಒಡಹುಟ್ಟಿದವನನ್ನು ಕಳ್ಳ ಅಂದುಕೊಂಡು ಬಂದಿದ್ದೆ. ಅವನು ಮಿರ್ಚಿ, ಮಂಡಾಳೊಗ್ಗರಣಿ ತರಿಸಿದ. ಒಂದು ತುತ್ತೂ ಇಳಿಯಲಿಲ್ಲ. ಇಬ್ಬರಲ್ಲಿ ಒಬ್ಬ ಅಲ್ಲ ಅಂದಮೇಲೆ ಉಳಿದವರು ಯಾರು? ಅದನ್ನು ಯೋಚಿಸಲು ಮನಸ್ಸು ಒಪ್ಪಲಿಲ್ಲ.

* * *

ಮಂಗಳವಾರ ಮುಂಜಾನೆ ದೇವರ ಜಗಲಿಯ ಮೇಲೆ ದೀಪ ಹಚ್ಚಲು ಹೋದೆ. ದೇವರ ಪಟದ ಹಿಂದೆ ಕೈಗೆ ಸಣ್ಣ ಗಂಟೊಂದು ತಗುಲಿತು.

ಅದು ಮುಡಿಪು. ಹೋದ ವಾರ ಕುರುಗೋಡಿನ ದೊಡ್ಡಬಸವಣ್ಣನ ಗುಡಿಯಲ್ಲಿ ಹರಕೆ ಹೊತ್ತಿದ್ದೆ. ಹಿಮ ನೋಡಿ ಕ್ಷೇಮವಾಗಿ ಬಂದರೆ ಒಪ್ಪಿಸುತ್ತೇನೆ ಅಂತ ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿದ್ದೆವು. ಗಂಟು ಹಾಕಿದವಳು ಸುನಂದಾ. ಮುಡಿಪು ಮನೆಯ ಜಗಲಿಯಲ್ಲಿರಬೇಕು, ಅದು ಪದ್ಧತಿ. ನಾನೋ ಅರೆಭಕ್ತಿಯವಳು. ಬಸವಣ್ಣನೂ ನನ್ನ ಜೊತೆ ಹಿಮ ನೋಡಲಿ ಅಂತ ಯಾರಿಗೂ ಹೇಳದೆ ಅದನ್ನು ಫೈಲಿನ ಜೇಬಿಗೆ ತುರುಕಿದ್ದೆ.

ಅಂದರೆ ಕಳ್ಳರು ಫೈಲು ಬಿಚ್ಚಿದ್ದಾರೆ. ಮುಡಿಪನ್ನು ತೆಗೆದಿದ್ದಾರೆ. ತಂದು ದೇವರ ಹತ್ತಿರ ಇಟ್ಟಿದ್ದಾರೆ.

ಭೂತಗನ್ನಡಿ ಹಿಡಿದು ನೋಡಿದೆ. ಹಳದಿ ಬಟ್ಟೆಯ ಮೇಲೆ, ಕಟ್ಟಿದಾಗ ಇರದಿದ್ದ ಮೂರು ಬಿಳಿ ಗೆರೆ. ಮುಟ್ಟಿ ಮೂಸಿದೆ. ವಿಭೂತಿ.

ನಮ್ಮದು ಮೈಲಾರಲಿಂಗನ ಒಕ್ಕಲು. ನಮ್ಮ ಜಗಲಿಯ ಮೇಲಿರುವುದು ಭಂಡಾರದ, ಅಂದರೆ ಅರಿಶಿನ ಪುಡಿಯ, ಬಟ್ಟಲು. ವಿಭೂತಿ ನಮ್ಮ ಮನೆಯಲ್ಲೇ ಇಲ್ಲ.

ದೀಪ ಹಚ್ಚುವುದು ಮರೆತು ಅಲ್ಲೇ ಕುಳಿತುಬಿಟ್ಟೆ.

* * *

ಕುರುಗೋಡಿನಲ್ಲಿ ಸುನಂದಾ ಬಾಗಿಲಲ್ಲೇ ಅಪ್ಪಿಕೊಂಡು ಅತ್ತಳು. ಒಳಗೆ ಹೋದೆ. ಮೂಲೆಯಲ್ಲಿ ಪ್ರಯಾಣದ ಬ್ಯಾಗು. ಎತ್ತಿದೆ. ಒಂದೇ ಕೈಗೆ ಬಂತು. ಒಳಗೆ ಏನೂ ಇರಲಿಲ್ಲ.

"ನಾಳೆ ರೈಲು. ನಿನ್ನೆ ಮುಂಜಾನಿತನ ಕಳುವಿನ ಸುದ್ದಿ ನಿನಗ ಗೊತ್ತಿರಲಿಲ್ಲ. ಆದ್ರೂ ನೀ ಏನೂ ತುಂಬಿರಲಿಲ್ಲ, ಅಲ್ಲಾ?"

"ತೆಗೆದುಬಿಟ್ಟೆ ಹಂಪಿ. ಹೋಗೋದ ಇಲ್ಲಂದ್ಮ್ಯಾಲೆ..."

ಮುಡಿಪನ್ನು ಅವಳ ಅಂಗೈಯಲ್ಲಿಟ್ಟೆ. ಅವಳ ಮುಖ ಬಿಳಿಚಿತು.

"ಹೊರಗಿನ ಕಳ್ಳ ಆಗಿದ್ರ ಇದನ್ನ ಎಲ್ಲೋ ಬಿಸಾಡ್ತಿದ್ದ. ನನ್ನ ತಮ್ಮ ಆಗಿದ್ರ ಮುಂದಿದ್ದ ಭಂಡಾರ ಹಚ್ತಿದ್ದ. ಮುಡಿಪು ಕದಿಯಾಕ ಹೆದರಿ, ಪರ್ಸಿನಾಗಿನ ವಿಭೂತಿ ತೆಗೆದು ಮೂರು ಬೆರಳು ಎಳದಾಕಿ ನೀನ. ನಾ ಅಡಿಗಿ ಮನಿಯಾಗಿದ್ದಾಗ ಬೀರು ತೆಗದಿ. ಕೀಲಿ ಎಲ್ಲಿರ್ತದ ಅಂತ ನಿನಗ ನಾನ ಹೇಳಿದ್ದೆ."

ಅವಳು ಮತ್ತೆ ಸುಳ್ಳು ಹೇಳಲಿಲ್ಲ. ಧಪ್ಪನೆ ಕುಳಿತಳು.

"ಎದಿ ಡಾಕ್ಟರು ಬೆಟ್ಟ ಹತ್ತಬ್ಯಾಡ್ರಿ ಅಂದ್ರು. ತಿಂಗಳಾತು."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಒಬ್ಬಾಕೀನ ಹೋಗ್ತಿದ್ದಿ!" ಒಮ್ಮೆಲೇ ಚೀರಿದಳು. "ಮೂರು ವರ್ಷ ಓದಿ ಓದಿ ಹೇಳಿದಾಕಿ ನಾನು. ನೋಡಿ ಬರಾಕಿ ನೀನಾ? ನನ್ನ ಕೈಲಿ ತಡಕೊಳ್ಳಾಕ ಆಗಲಿಲ್ಲ."

"ಮುಂದಿನ ವರ್ಷ ನನಗ ಕಣ್ಣಿರಂಗಿಲ್ಲಂತ ಗೊತ್ತಿತ್ತಲ್ಲ?"

ಅವಳು ಎದ್ದು ಹಾಸಿಗೆಯ ಕೆಳಗಿನಿಂದ ನೀಲಿ ಫೈಲು ತೆಗೆದು ಕೊಟ್ಟಳು. "ಹರೀಬೇಕಂತ ಮಾಡಿದ್ದೆ. ಕೈ ಬರಲಿಲ್ಲ."

"ಬಸವಣ್ಣನಿಗೆ ಹೆದರಿದಿ ಸುನಂದಾ. ನನ್ನ ಕಣ್ಣಿನ ಮ್ಯಾಲೆ ಒಂದೀಟು ಕರುಣಾ ಬರಲಿಲ್ಲ ನಿನಗ."

ಎಷ್ಟೋ ಕಳ್ಳರ ಹೇಳಿಕೆ ಬರೆದುಕೊಂಡಿದ್ದೇನೆ. ಕಣ್ಣು ಮಂಜಾದಂತೆಲ್ಲ ಈ ಗೆಳತಿಯ ಕಣ್ಣಿನಿಂದಲೇ ಓದಿದ್ದೆ, ಸಹಿ ಮಾಡಿದ್ದೆ, ಕನಸು ಕಂಡಿದ್ದೆ. ಆ ಸಂಕಟವನ್ನು ಯಾವ ಕಾಗದದಲ್ಲಿ ಬರೆಯಲಿ?

ಕರಿಬಸವನಿಗೆ ಫೋನ್ ಮಾಡಿದೆ. ಪರ್ಮಿಟ್ಟಿನಲ್ಲಿ ನಿನ್ನ ಹೆಸರಿಲ್ಲ, ಉದ್ಯಾನದ ಗೇಟಿನ ತನಕ ಬರುತ್ತೀಯಾ, ಒಳಗೆ ಅಲ್ಲಿನ ಗೈಡು ಕೈ ಹಿಡಿಯುತ್ತಾನೆ ಅಂದೆ. "ಬರ್ತೀನಿ, ಆದ್ರ ಬೈಕೋತ ಬರ್ತೀನಿ" ಅಂದ.

ಮುಡಿಪನ್ನು ಅವಳ ಕೈಯಿಂದ ತೆಗೆದುಕೊಂಡು ಹೊರಟೆ. ಸುನಂದಾ ಬಾಗಿಲಿನ ತನಕ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಪಿ, ಬರ್ಫ ಹೆಂಗಿತ್ತು ಅಂತ ಬಂದು ನನಗ ಹೇಳ್ತಿ, ಹೌದಿಲ್ಲೋ?"

"ಇಲ್ಲ" ಅಂದೆ.

ಬಸ್‌ ಸ್ಟ್ಯಾಂಡಿನಲ್ಲಿ ತಮ್ಮ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡೆ. ಬಿಸಿಲಿಗೆ ಅಂತ ಜನ ತಿಳಿದುಕೊಂಡರು.