ನೂರ ಹನ್ನೆರಡನೇ ಪುಟ

“ಬುಧವಾರ ಊಟಕ್ಕ ಬಾ ಅಂತ ಲೊರೇನವ್ವಗ ಹೇಳಿ ಬಂದೆ ನೋಡವಾ,” ಅಂದಳು ಅಜ್ಜಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಸೌಜನ್ಯಾಳ ಕೈಯಲ್ಲಿದ್ದ ಪುಸ್ತಕ ಜಾರಿತು. ಜಾರಿ ಬಿದ್ದದ್ದೆಲ್ಲಿ? ನೆಟ್ಟಗೆ ಜೋಳದ ಹಿಟ್ಟಿನ ತಾಟಿನಲ್ಲಿ.

ಲೊರೇನವ್ವ ಅಂದರೆ ಪಕ್ಕದ ಮನೆಯ ಮಿಸ್ ಲೊರೇನ್. ಅವರಿಗೆ ಕನ್ನಡ ಬರುವುದಿಲ್ಲ, ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಮತ್ತೆ ಊಟಕ್ಕೆ ಕರೆದದ್ದು ಹೇಗೆ? ಅಜ್ಜಿ ಕ್ಯಾಲೆಂಡರನ್ನೇ ಕಿತ್ತುಕೊಂಡು ಹೋಗಿ, ಬುಧವಾರದ ಮೇಲೆ ಬೆರಳಿಟ್ಟು, ಆಮೇಲೆ ಬಾಯಿಗೆ ತುತ್ತು ಇಟ್ಟ ಹಾಗೆ ಮಾಡಿ ತೋರಿಸಿದಳಂತೆ. ಅವರು ‘ಯೆಸ್, ಯೆಸ್’ ಅಂದರಂತೆ. ಅಷ್ಟೇ.

“ಆಕಿ ಕೊಟ್ಟ ಪುಸ್ತಕದ ಬಗ್ಗೆ ಮಾತಾಡೂದೈತಿ. ನೀ ನಡುವ ಕೂತು ಹೇಳು. ಆಕಿ ಅಂದಿದ್ದು ನನಗ, ನಾ ಅಂದಿದ್ದು ಆಕಿಗೆ.”

ಸೌಜನ್ಯಾ ಪುಸ್ತಕದ ಹಿಟ್ಟು ಕೊಡವುತ್ತ ತಲೆಯಾಡಿಸಿದಳು. ಒಳಗೆ ಮಾತ್ರ ಹೆದರಿಕೆ. ಯಾಕೆಂದರೆ ಮಿಸ್ ಲೊರೇನ್ ಓದಿದ ಕತೆಯೇ ಬೇರೆ, ಅಜ್ಜಿ ಕೇಳಿದ ಕತೆಯೇ ಬೇರೆ. ನಡುವೆ ಸುಳ್ಳು ಸೇರಿಸಿದವಳು ಸೌಜನ್ಯಾ.

ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಆದದ್ದು ಹೀಗೆ.

ಅಜ್ಜಿ ಗದಗಿನಿಂದ ಅಮೇರಿಕದ ಸ್ಯಾನ್ ಡಿಯಾಗೊಕ್ಕೆ, ಮಗನ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ಊರಿನ ಬಡಾವಣೆಯಾದ ರ್ಯಾಂಚೊ ಪೆನಾಸ್ಕಿಟೋಸ್‌ನ ಆ ಬೀದಿಯಲ್ಲಿ ಕಾರುಗಳು ಓಡಾಡುತ್ತವೆ, ಮನುಷ್ಯರು ಓಡಾಡುವುದು ಕಡಿಮೆ. ಮೊದಮೊದಲು ಅಜ್ಜಿ ಕಿಟಕಿಯ ಪಕ್ಕ ಕೂತು ಖಾಲಿ ಬೀದಿ ನೋಡುತ್ತಿದ್ದಳು. ಊಟದ ಹೊತ್ತಿಗೆ ಅಪ್ಪನ ಹತ್ತಿರ ಒಂದೇ ಮಾತು, ಟಿಕೆಟ್ ಚೇಂಜ್ ಮಾಡಿಸು, ನಾ ಊರಿಗೆ ಹೋಗ್ತೀನಿ. ಆ ಮಾತು ಕಿವಿಗೆ ಬಿದ್ದರೆ ಸೌಜನ್ಯಾ ತಾಟು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಅಜ್ಜಿಯನ್ನು ಅವಳು ಬರೀ ಫೋನಿನಲ್ಲಿ ನೋಡಿ ಬೆಳೆದವಳು. ಈಗ ಪಕ್ಕದಲ್ಲಿ ಮಲಗಿಸಿಕೊಳ್ಳುವ ಅಜ್ಜಿ ಸಿಕ್ಕಿದ್ದಾಳೆ, ಅವಳನ್ನು ಮತ್ತೆ ಫೋನಿಗೆ ಕಳಿಸುವುದೆಂದರೆ ಹೇಗೆ?

ಆಗಲೇ ಒಂದು ದಿನ ಅಜ್ಜಿ ಶೇಂಗಾ ಹೋಳಿಗೆ ಮಾಡಿ, ಡಬ್ಬಿಯಲ್ಲಿಟ್ಟು ಬೇಲಿಯಾಚೆ ಮಿಸ್ ಲೊರೇನ್‌ಗೆ ಕೊಟ್ಟಳು. ಮರುದಿನ ಡಬ್ಬಿ ವಾಪಸ್ ಬಂತು. ಖಾಲಿ ಡಬ್ಬಿಯಲ್ಲ, ಒಳಗೆ ಎರಡು ಪುಸ್ತಕ. ಕೊಟ್ಟ ಡಬ್ಬಿಯನ್ನು ಖಾಲಿ ಹಿಂದಿರುಗಿಸದ ಹೆಂಗಸು ಎಂದು ಅಜ್ಜಿಗೆ ಅವರ ಮೇಲೆ ಆವತ್ತೇ ಪ್ರೀತಿ ಹುಟ್ಟಿತು.

ಮಿಸ್ ಲೊರೇನ್ ಹುಟ್ಟಿ ಬೆಳೆದದ್ದು ಅಲ್ಲೇ ಹತ್ತಿರದ ರಮೋನಾ ಊರಿನ ಒಂದು ರ್ಯಾಂಚಿನಲ್ಲಿ, ಕುದುರೆ ದನಗಳ ನಡುವೆ. ಅವರ ಮನೆಯ ಕಪಾಟಿನ ತುಂಬ ಒಂದೇ ತರದ ಪುಸ್ತಕ. ಕೆಲವು ರ್ಯಾಂಚಿನ ಪ್ರೇಮಕತೆ, ಕೆಲವು ಆಮಿಶ್ ಜನರ ಪ್ರೇಮಕತೆ. ಆಮಿಶ್ ಜನ ಟಿವಿ ನೋಡುವುದಿಲ್ಲ, ಕಾರು ಇಟ್ಟುಕೊಳ್ಳುವುದಿಲ್ಲ, ಕುದುರೆ ಗಾಡಿಯಲ್ಲಿ ಹೋಗುತ್ತಾರೆ. ಹೆಂಗಸರು ತಲೆಗೆ ಬಿಳಿ ಟೊಪ್ಪಿಗೆ ಕಟ್ಟುತ್ತಾರೆ. ಅಮೇರಿಕದಾಗೂ ಇಂಥಾ ಮಂದಿ ಇದ್ದಾರಾ ಎಂದು ಅಜ್ಜಿಗೆ ಆಶ್ಚರ್ಯ. ಇವರು ತನ್ನ ತವರಿನವರ ಹಾಗೇ ಇದ್ದಾರೆ ಅಂದಳು.

ಬೇಸಿಗೆ ರಜೆ. ಅಮ್ಮ ರಜನಿ ಆಫೀಸಿಗೆ ಹೋದ ಮೇಲೆ, ಅಪ್ಪ ಬಸವಪ್ರಸಾದ್ ಮೇಲಿನ ರೂಮಿನಲ್ಲಿ ಹೆಡ್‌ಫೋನ್ ಹಾಕಿ ಕೂತ ಮೇಲೆ, ಅಜ್ಜಿ ರೊಟ್ಟಿಗೆ ಕೂಡುವಳು. ಹಿಟ್ಟು ಅಪ್ಪ ಆರ್ಟೀಸಿಯಾದ ಭಾರತೀಯ ಅಂಗಡಿಗೆ ಎರಡು ಗಂಟೆ ಡ್ರೈವ್ ಮಾಡಿ ತಂದದ್ದು. ಸೌಜನ್ಯಾ ಎತ್ತರದ ಸ್ಟೂಲ್ ಹತ್ತಿ, ಇಂಗ್ಲಿಷಿನಲ್ಲಿ ಮನಸ್ಸಿನೊಳಗೆ ಓದಿಕೊಂಡು, ಕನ್ನಡದಲ್ಲಿ ಹೇಳುವಳು. ಅವಳ ಕನ್ನಡ ಅರ್ಧ ಗದಗು, ಅರ್ಧ ಸ್ಯಾನ್ ಡಿಯಾಗೊ. ಆದರೂ ಗಾಡಿ ಹೇಗೋ ಓಡುತ್ತಿತ್ತು.

ಮೊದಲ ಪುಸ್ತಕದ ಕತೆಯಲ್ಲಿ ಲವೀನಾ ಎಂಬ ಆಮಿಶ್ ಹುಡುಗಿ. ಅವಳು, ಅವಳ ಅಜ್ಜ, ಇಬ್ಬರೇ ಮನೆಯಲ್ಲಿ. ಪಕ್ಕದ ರ್ಯಾಂಚಿನಲ್ಲಿ ಕೇಲಬ್ ಎಂಬ ಸಂಕೋಚದ ಹುಡುಗ. ಅವನು ಬೇಲಿಯ ಹತ್ತಿರ ಬರುತ್ತಾನೆ, ಟೊಪ್ಪಿ ತೆಗೆಯುತ್ತಾನೆ, ಹವಾಮಾನದ ಬಗ್ಗೆ ಎರಡು ಮಾತಾಡಿ ಹೋಗುತ್ತಾನೆ. ತೊಂಬತ್ತು ಪುಟ ಕಳೆದರೂ ಅಷ್ಟೇ. ಈ ಹುಡುಗ ಕೇಳೋದ್ರೊಳಗ ಆಕಿ ಮುದುಕಿ ಆಗ್ತಾಳ ಎಂದು ಅಜ್ಜಿ ಹಿಟ್ಟಿನ ಕೈ ತೋರಿಸಿ ಬೈಯುತ್ತಿದ್ದಳು. ಅಡಿಗೆಯ ವಿಷಯ ಬಂತೆಂದರೆ ಮಾತ್ರ ಕೈ ನಿಲ್ಲಿಸಿ ಕೇಳುವಳು. ಪೈ ಒಳಗೆ ಏನು ತುಂಬಿದರು, ಬ್ರೆಡ್ಡಿಗೆ ಹಿಟ್ಟು ಎಷ್ಟು ಹೊತ್ತು ನಾದಿದರು, ಎಲ್ಲ ಬೇಕು. ಟಿಕೆಟ್ ಸುದ್ದಿ ಆ ಮನೆಯಿಂದ ಮಾಯವಾಗಿತ್ತು.

ನೂರ ಹನ್ನೆರಡನೇ ಪುಟ ಬರುವ ತನಕ ಎಲ್ಲ ಚೆನ್ನಾಗಿಯೇ ಇತ್ತು. ಆ ಪುಟದಲ್ಲಿ ಲವೀನಾಳ ಅಜ್ಜ ತೀರಿಕೊಂಡ.

ಸೌಜನ್ಯಾ ಆ ಸಾಲಿನ ಮೇಲೆ ಬೆರಳಿಟ್ಟು ಹಿಡಿದಳು. ಎರಡು ವರ್ಷದ ಹಿಂದೆ, ಕೊರೊನಾ ಸಮಯದಲ್ಲಿ, ಅವಳ ಅಜ್ಜನೂ ಗದಗಿನಲ್ಲಿ ತೀರಿಕೊಂಡಿದ್ದರು. ಅಪ್ಪನಿಗೆ ಹೋಗಲಾಗಿರಲಿಲ್ಲ. ಎಲ್ಲ ಫೋನಿನಲ್ಲೇ ನೋಡಿ, ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಿದ್ದ. ಅಜ್ಜಿ ಬರುವ ಹಿಂದಿನ ದಿನ ಅವನು ಹೇಳಿಟ್ಟಿದ್ದ, ಅಜ್ಜಿ ಮುಂದೆ ಅಜ್ಜನ ಸುದ್ದಿ ತೆಗೆಯಬೇಡ, ಪಾಪ ಅಳುತ್ತಾಳೆ. ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಈಗ ಸೌಜನ್ಯಾ ತೆಗೆದರೆ? ಅಜ್ಜಿ ಅತ್ತು, ಪುಸ್ತಕವೂ ಬೇಡ, ಈ ಊರೂ ಬೇಡ, ಟಿಕೆಟ್ ಚೇಂಜ್ ಮಾಡಿಸು ಅಂದರೆ?

ಹಾಗಾಗಿ ಅವಳು ಕತೆಯ ಅಜ್ಜನನ್ನು ರೈಲು ಹತ್ತಿಸಿ ಅವನ ತಂಗಿಯ ಊರಿಗೆ ಕಳಿಸಿಬಿಟ್ಟಳು.

ಮುಂದಿನ ಪುಟದಲ್ಲಿ ಬರೀ ಊಟದ ಸುದ್ದಿ. ಅದನ್ನು ಬಿಡಲು ಮನಸ್ಸಾಗಲಿಲ್ಲ, ಅಜ್ಜಿಗೆ ಇಷ್ಟ ಅಲ್ಲವೇ. ಅವತ್ತು ಲವೀನಾ ಒಲೆ ಹಚ್ಚಲಿಲ್ಲ, ನೆರೆಯವರೆಲ್ಲ ಬಿಸಿ ಬಿಸಿ ಅಡಿಗೆ, ಬ್ರೆಡ್ಡು, ಪೈ ಮುಚ್ಚಿಕೊಂಡು ತಂದರು ಎಂದು ಎಲ್ಲ ಹೇಳಿದಳು. ಯಾಕ ಹಚ್ಚಲಿಲ್ಲ ಒಲಿ, ಎಂದು ಅಜ್ಜಿ ಕೇಳಿದಳು. ಸುಮ್ನ, ಪಾಟ್‌ಲಕ್ ಇತ್ತು, ಎಲ್ಲರೂ ಒಂದೊಂದು ತರೋದು, ಅಂದಳು ಸೌಜನ್ಯಾ. ಅಜ್ಜಿ ‘ಹ್ಞೂಂ’ ಅಂದು ಹಂಚಿನ ಕಡೆ ತಿರುಗಿದಳು. ಅವತ್ತು ಒಂದು ರೊಟ್ಟಿ ಹೊತ್ತಿ ಸ್ಮೋಕ್ ಅಲಾರ್ಮ್ ಕೂಗಿತು. ಅಜ್ಜಿಯ ಕೈಯಲ್ಲಿ ರೊಟ್ಟಿ ಹೊತ್ತಿದ್ದು ಅದೇ ಮೊದಲು.

ಅದಾದ ಮೇಲೆ ಅಜ್ಜಿ ಕತೆಯ ಅಜ್ಜನ ಸುದ್ದಿಯನ್ನು ಒಂದು ಸಲವೂ ಕೇಳಿರಲಿಲ್ಲ. ಮರೆತಿದ್ದಾಳೆ ಎಂದು ಸೌಜನ್ಯಾ ನಿಟ್ಟುಸಿರು ಬಿಟ್ಟಿದ್ದಳು.

ಈಗ ನೋಡಿದರೆ ಬುಧವಾರ ಊಟ.

ಮಂಗಳವಾರ ಸಂಜೆ ಧೈರ್ಯ ಮಾಡಿ ಮಿಸ್ ಲೊರೇನ್ ಮನೆಗೆ ಹೋದಳು. ನಾಳೆ ಆ ಪುಟದ ಮಾತು ಎತ್ತಬೇಡಿ ಎಂದು ಕೇಳಿಕೊಳ್ಳುವುದಿತ್ತು. ಬಾಯಿ ತೆರೆಯುವುದರೊಳಗೆ ಅವರೇ ಶುರು ಮಾಡಿದರು. ಅಜ್ಜ ಸಾಯುವ ಕಡೆ ನಾನು ಎರಡು ದಿನ ಮುಂದೆ ಓದಲಾಗದೆ ಪುಸ್ತಕ ಮುಚ್ಚಿಟ್ಟೆ, ನಿನ್ನ ಅಜ್ಜಿಗೆ ಹೇಗನ್ನಿಸಿತು, ಅದನ್ನೇ ನಾಳೆ ಕೇಳಬೇಕು ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಹೋದರು. ಸೌಜನ್ಯಾ ‘ಓಕೆ’ ಅಂದು, ಬಂದ ದಾರಿ ಹಿಡಿದಳು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ಇನ್ನಷ್ಟು ಸುಳ್ಳು ರೆಡಿ ಮಾಡಿಕೊಂಡಳು.

ಬುಧವಾರ ಹನ್ನೆರಡೂವರೆಗೆ ಮಿಸ್ ಲೊರೇನ್ ಬಂದರು, ಅಜ್ಜಿ ಆಮೇಲೆ ಮತ್ತೆ ತಿಂಡಿ ತುಂಬಿ ಕಳಿಸಿದ್ದ ಡಬ್ಬಿಯಲ್ಲಿ ಪೀಚ್ ಹಣ್ಣು ತುಂಬಿಕೊಂಡು. ಅಜ್ಜಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದಳು. ಎಣ್ಣೆಗಾಯಿಗೆ ಖಾರವನ್ನೇ ಹಾಕಿರಲಿಲ್ಲ, ಬಿಳಿಯರ ನಾಲಿಗೆ ತಡೆಯುವುದಿಲ್ಲ ಎಂದು. ಮಿಸ್ ಲೊರೇನ್ ಅಜ್ಜಿಯನ್ನು ನೋಡಿಕೊಂಡೇ ರೊಟ್ಟಿ ಮುರಿದು ತಿಂದರು. ಎರಡನೇ ರೊಟ್ಟಿಗೆ ಕೈ ಚಾಚಿದಾಗ ಅಜ್ಜಿಯ ಮುಖ ಅರಳಿತು.

ಸೌಜನ್ಯಾ ಮಾತ್ರ ಒಂದೇ ತುತ್ತನ್ನು ಅಗಿಯುತ್ತಲೇ ಇದ್ದಳು.

ಮಿಸ್ ಲೊರೇನ್ ನೀರು ಕುಡಿದು, ಗ್ಲಾಸ್ ಕೆಳಗಿಟ್ಟು, ಆ ಮುದುಕ ತೀರಿಕೊಂಡಾಗ ನಿಮಗೆ ಹೇಗನ್ನಿಸಿತು ಎಂದು ಮೆಲ್ಲಗೆ ಕೇಳಿದರು. ಕೇಳುತ್ತ ಅವರ ಕಣ್ಣಲ್ಲಿ ನೀರು ತುಂಬಿತು.

“ಏನಂತಾಳ?” ಅಂದಳು ಅಜ್ಜಿ.

“ಬದನಿಕಾಯಿ ಭಾಳ ಚೊಲೋ ಆಗೈತಿ ಅಂತ.”

“ಅಷ್ಟಕ್ಕ ಕಣ್ಣೀರು ಯಾಕ?”

“ಖಾರ ಆಗೈತಿ ಅಂತ.”

“ಖಾರ ನಾ ಹಾಕೇ ಇಲ್ಲ.”

ಸೌಜನ್ಯಾಳ ಕಿವಿ ಬಿಸಿಯಾದವು. ನಿನ್ನೆ ರೆಡಿ ಮಾಡಿದ ಸುಳ್ಳು ಒಂದೂ ನೆನಪಾಗಲಿಲ್ಲ. ಅಜ್ಜಿ ಎಡಗೈಯಿಂದ ಅವಳ ಬೆನ್ನು ಸವರಿದಳು.

“ಆ ಮುದುಕ ಸತ್ತಾನಲ್ಲ? ಅದನ್ನ ಕೇಳಾಕತ್ತಾಳ. ಹೌದಲ್ಲ?”

ಸೌಜನ್ಯಾ ತಲೆ ತಗ್ಗಿಸಿದಳು. “ನಿಂಗ ಹೆಂಗ ಗೊತ್ತಾತು?”

“ಒಲಿ ಹಚ್ಚಲಿಲ್ಲ, ಓಣಿ ಮಂದಿ ಅಡಿಗಿ ತಂದರು ಅಂತ ನೀನೇ ಹೇಳಿದ್ಯಲ್ಲ. ಸಾವಿನ ಮನ್ಯಾಗ ಒಲಿ ಹಚ್ಚೂದಿಲ್ಲ, ಮಗಾ. ಮಂದಿ ತಂದು ಉಣಸ್ತಾರ. ಮನ್ಯಾಗ ಇದ್ದವರು ಇಬ್ಬರು. ಲವೀನಾ ಉಳಿದಾಳ ಅಂದರ ಹೋದಾವ ಯಾರು?”

ಇಷ್ಟು ದಿನವೂ ಅಜ್ಜಿಗೆ ಗೊತ್ತಿತ್ತು! ಸೌಜನ್ಯಾಳ ಕಣ್ಣು ತುಂಬಿ ಬಂದವು. ನೀ ಅಳ್ತೀ ಅಂತ ಹೇಳಲಿಲ್ಲ, ಅಪ್ಪ ಹೇಳಬ್ಯಾಡ ಅಂದಿದ್ದ, ನೀ ಊರಿಗೆ ಹೋಗಿಬಿಡ್ತೀ ಅಂತ ಹೆದರಿಕಿ ಆತು ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಅಜ್ಜಿ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದಳು.

“ನಿಮ್ಮಜ್ಜ ಹೋದಾಗ ಕೊರೊನಾ. ಯಾರೂ ನಮ್ಮ ಹೊಸ್ತಿಲ ತುಳೀಲಿಲ್ಲ. ಅವರದೂ ತಪ್ಪಿಲ್ಲ, ಹೆದರಿಕಿ. ಅವತ್ತ ನಾನೇ ಒಲಿ ಹಚ್ಚಿದೆ. ನಾನೇ ಅನ್ನ ಮಾಡಿದೆ. ಒಬ್ಬಾಕಿ ಕೂತು ಉಂಡೆ.” ಅಜ್ಜಿಯ ದನಿ ಸಣ್ಣಗಾಯಿತು. “ಪುಸ್ತಕದಾಗ ಮಂದಿ ಬಂದರು ಅಂದ್ಯಲ್ಲ, ಭಾಳ ಸಮಾಧಾನ ಆತು ನನಗ. ಇಲ್ಲಿ ನೋಡಿದರ ನಿಮ್ಮಜ್ಜನ ಹೆಸರು ಯಾರೂ ಎತ್ತೂದಿಲ್ಲ. ನಾ ಒಬ್ಬಾಕಿ ಎಷ್ಟಂತ ನೆನಸಲಿ?”

ಮಿಸ್ ಲೊರೇನ್ ಕೈಯಲ್ಲಿ ರೊಟ್ಟಿ ಹಿಡಿದು ಇಬ್ಬರನ್ನೂ ನೋಡುತ್ತಿದ್ದರು.

“ಹೇಳು ಆಕಿಗೆ,” ಅಂದಳು ಅಜ್ಜಿ. “ನಾ ಹೇಳಿದಷ್ಟನ್ನೂ ಹೇಳು.”

ಸೌಜನ್ಯಾ ಹೇಳಿದಳು. ಒಂದು ಮಾತನ್ನೂ ಬಿಡಲಿಲ್ಲ. ಒಬ್ಬಳೇ ಕೂತು ಉಂಡ ಮಾತು ಬಂದಾಗ ಒಂದು ಗುಟುಕು ನೀರು ಕುಡಿದು ಅದನ್ನೂ ಹೇಳಿದಳು.

ಮಿಸ್ ಲೊರೇನ್ ತಾಟಿನಲ್ಲಿದ್ದುದನ್ನು ಚೊಕ್ಕವಾಗಿ ಮುಗಿಸಿ, ಅಜ್ಜಿಯ ಕೈಯನ್ನು ಒಮ್ಮೆ ಒತ್ತಿ, ಮನೆಗೆ ಹೊರಟುಹೋದರು.

ಬೇಜಾರಾಯಿತೇನೋ, ಇನ್ನು ಬರುವುದೇ ಇಲ್ಲವೇನೋ ಎಂದು ಸೌಜನ್ಯಾ ಒದ್ದಾಡಿದಳು. ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಅಪ್ಪನ ಕಡೆ ತಿರುಗಿದಳು. ಬಂತು ಟಿಕೆಟ್ ಮಾತು ಎಂದು ಸೌಜನ್ಯಾ ಚಮಚ ಬಿಗಿಯಾಗಿ ಹಿಡಿದಳು. ಅಜ್ಜಿ ಮೊಸರು ಕೇಳಿದಳು, ಅಷ್ಟೇ. ಜೀವ ಬಂದಂತಾಯಿತು, ಪೂರ್ತಿ ಅಲ್ಲ.

ಗುರುವಾರ ಮಧ್ಯಾಹ್ನ. ಅಜ್ಜಿ ಹಿಟ್ಟು ತೆಗೆದು, ಗ್ಯಾಸ್ ಹಚ್ಚಿ, ಹಂಚು ಇಟ್ಟಿದ್ದಳು. ಬೆಲ್ ಆಯಿತು.

ಬಾಗಿಲಲ್ಲಿ ಮಿಸ್ ಲೊರೇನ್. ಕೈಗೆ ದಪ್ಪ ಗ್ಲೌಸ್, ಗ್ಲೌಸಿನ ಮೇಲೆ ಹಬೆಯಾಡುವ ಗಾಜಿನ ದೊಡ್ಡ ಪಾತ್ರೆ, ಅದಕ್ಕೆ ಫಾಯಿಲ್ ಮುಚ್ಚಿದೆ. ಫಾಯಿಲ್ ಮೇಲೆ ಹಳದಿ ಚೀಟಿ: ಮೊಟ್ಟೆ ಇಲ್ಲ, ಮಾಂಸ ಇಲ್ಲ. ಪಾತ್ರೆ ಟೇಬಲ್ಲಿಗೆ ಇಟ್ಟು ಮತ್ತೆ ಮನೆಗೆ ಹೋದರು. ಬ್ರೆಡ್ಡು ತಂದರು. ಮೂರನೇ ಸಲ ಹೋಗಿ ಪೈ ತಂದರು. ಉಸಿರು ಹತ್ತಿತ್ತು.

“ಎರಡು ವರ್ಷ ಲೇಟಾಯಿತು ಅಂತ ಹೇಳು ಅಜ್ಜಿಗೆ,” ಎಂದು ಇಂಗ್ಲಿಷಿನಲ್ಲಿ ಅಂದರು.

ಸೌಜನ್ಯಾ ಹೇಳಲು ತಿರುಗಿದಳು. ಅಜ್ಜಿ ಅಷ್ಟರಲ್ಲೇ ಗ್ಯಾಸ್ ಆಫ್ ಮಾಡಿದ್ದಳು. ಹಂಚು ಕೆಳಗಿಳಿಸಿದಳು, ಹಿಟ್ಟನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು. ಕೈ ತೊಳೆದು ಬಂದು, ತವರಿಗೆ ಬಂದ ಮಗಳ ಹಾಗೆ ಟೇಬಲ್ಲಿನ ಮುಂದೆ ಸುಮ್ಮನೆ ಕೂತಳು. ಮಿಸ್ ಲೊರೇನ್ ಬಡಿಸಿದರು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಉಂಡಳು. ಅಜ್ಜಿ ಅಳುವುದನ್ನು ನೋಡಿದರೂ ಸೌಜನ್ಯಾಳಿಗೆ ಹೆದರಿಕೆಯಾಗಲಿಲ್ಲ. ಪುಸ್ತಕ ತಂದು, ನೂರ ಹನ್ನೆರಡನೇ ಪುಟ ತೆಗೆದು ಪಕ್ಕದಲ್ಲಿ ಕೂತಳು.

ಮೇಲಿನ ರೂಮಿನಿಂದ ಅಪ್ಪ ಇಳಿದು ಬಂದ. ರೊಟ್ಟಿಯ ಸದ್ದಿಲ್ಲ, ವಾಸನೆಯಿಲ್ಲ. ಅರ್ಧ ಮೆಟ್ಟಿಲಲ್ಲೇ ನಿಂತು ಕೇಳಿದ, “ಯಾಕ, ಇವತ್ತ ರೊಟ್ಟಿ ಮಾಡಿಲ್ಲೇನು?”

“ಇವತ್ತ ಒಲಿ ಹಚ್ಚಂಗಿಲ್ಲ ಅಪ್ಪಾ,” ಅಂದಳು ಸೌಜನ್ಯಾ. “ಅಜ್ಜ ತೀರಿಕೊಂಡಾರಲ್ಲ.”

ಅಪ್ಪ ಅಜ್ಜಿಯ ಮುಖ ನೋಡಿದ. ಫಾಯಿಲ್ ಸರಿಸಿದ ಪಾತ್ರೆ ನೋಡಿದ. ಕೊರಳಿಗೆ ನೇತಾಡುತ್ತಿದ್ದ ಹೆಡ್‌ಫೋನ್ ತೆಗೆದು ಮೆಟ್ಟಿಲ ಮೇಲೆ ಇಟ್ಟ. ನಿಧಾನವಾಗಿ ಬಂದು ತಾಯಿಯ ಪಕ್ಕದ ಕುರ್ಚಿಯಲ್ಲಿ ಕೂತ. ಸೌಜನ್ಯಾ ಎದ್ದು ಅವನಿಗೂ ಒಂದು ತಾಟು ತಂದಳು.