ಮತ್ತೋಡಿನಿಂದ ಬಂದ ಒಂಬತ್ತು ಕರೆಗಳು

ಮಾರ್ಚ್ 13, ಗುರುವಾರ, ಬೆಳಿಗ್ಗೆ 9.20. ಐಮಂಗಲ ಠಾಣೆಗೆ ದೂರು ಕೊಡಲು ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಚೈತ್ರಾ, ಊರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು. ಎರಡು ದಿನದ ಹಿಂದೆ ಹೆದ್ದಾರಿ ಪಕ್ಕದ ಹೊಲದಲ್ಲಿ ಗುಂಡೇಟು ತಿಂದು ಸತ್ತ ಕೊಟ್ರೇಶನ ಹೆಂಡತಿ. ಕೊಲೆಯ ಬಗ್ಗೆ ಎಫ್‌ಐಆರ್ ಆಗಲೇ ಆಗಿದೆಯಮ್ಮ ಎಂದು ಹೆಡ್ ಕಾನ್‌ಸ್ಟೆಬಲ್ ಅಂಜನಪ್ಪ ಸಮಾಧಾನ ಹೇಳಿದ.

"ಅದು ಕೊಂದಿದ್ದಕ್ಕೆ ಆತು ಸಾರ್. ಕಳ್ಳ ಅಂದಿದ್ದಕ್ಕೆ ಯಾರ ಮ್ಯಾಲೆ ಕೊಡ್ಲಿ?"

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಅಂಜನಪ್ಪನಿಗೆ ಮಾತಿನ ಬರ ಬಂದಿದ್ದೇ ಇಲ್ಲ. ಅವತ್ತು ಬಂತು. ಎದ್ದು ಇನ್‌ಸ್ಪೆಕ್ಟರ್ ದೀಪಾ ಅವರ ಕೋಣೆಗೆ ಅವಳನ್ನು ಕರೆದುಕೊಂಡು ಹೋದ.

ನಡೆದದ್ದು ಇಷ್ಟು. ಕೊಟ್ರೇಶ ಗೂಡ್ಸ್ ಆಟೋದಲ್ಲಿ ಸೇವಂತಿಗೆ ಹೂವು ತುಂಬಿಕೊಂಡು ಹಿರಿಯೂರು ಮಾರ್ಕೆಟ್ಟಿಗೆ ಹೋಗುವವನು. ಮಂಗಳವಾರ ಬೆಳಕು ಹರಿಯುವ ಮುಂಚೆ, ಹೊಲದಲ್ಲಿ ಮಂದೆ ಕಾಯುತ್ತಿದ್ದ ಜುಂಜೇಶ್ ಎಂಬ ಕುರಿಗಾಹಿ ಅವನಿಗೆ ನಾಡಬಂದೂಕಿನಿಂದ ಹೊಡೆದಿದ್ದ. ಚಿತ್ರದುರ್ಗದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೊಟ್ರೇಶನ ಜೀವ ಹೋಗಿತ್ತು. ಬಿದ್ದ ಜಾಗದಲ್ಲಿ ಅವನ ಪಕ್ಕ ಒಂದು ಕುರಿಮರಿ ನಿಂತಿತ್ತು. ಜುಂಜೇಶ್ ಬಂದೂಕಿನ ಸಮೇತ ಪರಾರಿ. ಸದ್ದಿಗೆ ಎಚ್ಚರವಾದ ಅವನ ಅಪ್ಪ ಕಾಟಯ್ಯ, ಮೊದಲು ಬಂದ ಕ್ಯಾಮೆರಾದ ಮುಂದೆ ತಾನು ನಂಬಿದ್ದನ್ನೇ ಹೇಳಿದ: ಕಳ್ಳ ಬಂದಿದ್ದ, ಮಗ ಹೊಡ್ದ. ಮಧ್ಯಾಹ್ನದ ಹೊತ್ತಿಗೆ ಚಾನೆಲ್ಲೊಂದು 'ಮಂದೆ ಕಾದ ಮಗ' ಎಂದು ಹೆಸರಿಟ್ಟಾಗಿತ್ತು. ಸಂಜೆಗೆ ಜುಂಜೇಶನ ಫೋಟೊ ಹೊಸದುರ್ಗದ ಆಟೋಗಳ ಹಿಂದೆ ಅಂಟಿತ್ತು.

ದೀಪಾ ಚುಟುಕಾಗಿ ಕೇಳಿದರು. ಕೊನೆಗೆ ಮಾತಾಡಿದ್ದು ಯಾವಾಗ?

"ಆರಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಫೋನ್ ಮಾಡಿದ್ರು. ರೋಡ್ನಾಗೆ ಕುರಿಮರಿ ನಿಂತೈತೆ, ಲಾರಿಗೆ ಸಿಗ್ತೈತೆ, ಮಂದೆ ಅಲ್ಲೇ ಕಾಣ್ತೈತೆ, ಬಿಟ್ಟು ಬರ್ತೀನಿ ಅಂದ್ರು."

"ಇದನ್ನ ಟಿವಿಯವರಿಗೆ ಹೇಳಲಿಲ್ಲವಾ?"

"ಹೇಳ್ದೆ. ಅತ್ತಿದ್ದು ಮಾತ್ರ ತೋರ್ಸಿದ್ರು."

ಮಣ್ಣು ಮಾಡುವಾಗ ಓಣಿಯವರು ದೂರವೇ ನಿಂತಿದ್ದರಂತೆ. ಆಮೇಲೆ ಒಬ್ಬರೂ ಮನೆಯ ಹೊಸ್ತಿಲು ತುಳಿದಿಲ್ಲ. ಮಗಳನ್ನು ಓಣಿಯ ಮಕ್ಕಳು ಕಳ್ಳನ ಮಗಳೆಂದು ಅಳಿಸಿ ಕಳಿಸಿದ್ದಾರೆ.

ಅವಳು ಹೋದ ಮೇಲೆ ದೀಪಾ ಫೈಲು ಬಿಚ್ಚಿದರು. ಸ್ಥಳ ಪಂಚನಾಮೆಯಲ್ಲಿ ಎಲ್ಲವೂ ಇತ್ತು. ಆಟೋ ರಸ್ತೆಯ ಎಡಕ್ಕೆ ನಿಂತಿದೆ, ಇಂಡಿಕೇಟರ್ ಮಿನುಗುತ್ತಿದೆ. ಚಪ್ಪಲಿ ಗುರುತು ರಸ್ತೆಯಿಂದ ಮಂದೆಯ ಕಡೆಗೆ ಹೋಗಿದೆ, ವಾಪಸ್ ಬಂದಿಲ್ಲ. ಆಗಷ್ಟೇ ಬಂದ ಮರಣೋತ್ತರ ವರದಿಯಲ್ಲಿ, ಬಂದೂಕಿನ ಚರೆಗಳು ಹೊಕ್ಕಿದ್ದು ಎದೆಗೆ.

"ಕದ್ದು ಓಡೋನಿಗೆ ಎದಿಗೆ ಹೆಂಗ್ ಬೀಳ್ತೈತೆ ಮೇಡಮ್?" ಎಂದ ಅಂಜನಪ್ಪ.

"ಅದನ್ನ ನೋಡಿದವನು ಒಬ್ಬನೇ. ಅವನು ಬಂದೂಕು ಹಿಡಿದುಕೊಂಡೇ ಸತ್ತರೆ ಶಾಶ್ವತವಾಗಿ ವೀರ, ಅವಳ ಗಂಡ ಶಾಶ್ವತವಾಗಿ ಕಳ್ಳ. ಜೀವಂತ ಸಿಗಬೇಕು ಅಂಜನಪ್ಪ."

ಆದರೆ ಎಲ್ಲಿ? ನೆಂಟರ ಮನೆಗಳನ್ನೆಲ್ಲ ಹುಡುಕಿಯಾಗಿತ್ತು. ಸಾರ್ವಜನಿಕರಿಂದ ಎರಡು ದಿನದಲ್ಲಿ ಅರವತ್ತೊಂದು ಕರೆ ಬಂದಿದ್ದವು. ಅಷ್ಟನ್ನೂ ಎತ್ತಿ, ಕರೆ ಮಾಡಿದವರ ಊರು, ಬೆಳೆ, ಮಕ್ಕಳ ಮದುವೆ ಎಲ್ಲ ವಿಚಾರಿಸಿಕೊಂಡು ಬರೆದಿಟ್ಟವನು ಅಂಜನಪ್ಪನೇ. ಫೋನಿನಲ್ಲಿ ಹರಟುತ್ತಾನೆಂದು ಠಾಣೆಯಲ್ಲಿ ನಗುತ್ತಿದ್ದರು. ಮಧ್ಯಾಹ್ನ ಅವನು ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತ. ಹಿರಿಯೂರಿನವರು ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡ ಅಂದಿದ್ದರು. ಹೊಳಲ್ಕೆರೆಯವರು ಹೊಳಲ್ಕೆರೆಯ ಸಂತೆಯಲ್ಲಿ, ಚಿತ್ರದುರ್ಗದವರು ಕೋಟೆ ಬಾಗಿಲಲ್ಲಿ. ಹೆಸರುವಾಸಿಯಾದವನು ತಮ್ಮೂರಿಗೇ ಬಂದಿರಲಿ ಎಂಬ ಆಸೆ ಎಲ್ಲರಿಗೂ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನಿಂದ ಬಂದ ಒಂಬತ್ತು ಕರೆ ಮಾತ್ರ ಬೇರೆ. ಒಬ್ಬ ಚಿಕ್ಕಜಾಜೂರಿನ ಪ್ಲಾಟ್‌ಫಾರಂ ಅಂದ, ಇನ್ನೊಬ್ಬ ಹಿರಿಯೂರು ಅಂದ, ಮತ್ತೊಬ್ಬಳು ದುರ್ಗ ಅಂದಳು. ಮತ್ತೋಡಿನವರು ಒಬ್ಬರೂ ಮತ್ತೋಡಿನ ಹೆಸರು ಎತ್ತಿರಲಿಲ್ಲ.

"ನಮ್ಮೂರಾಗಂತೂ ಇಲ್ಲ ಬಿಡ್ರಿ ಅಂತ ಒಂಬತ್ತು ಜನಾನೂ ಕೇಳ್ದೇ ಇದ್ರೂ ಹೇಳವ್ರೆ ಮೇಡಮ್."

ದೀಪಾ ಕಾಟಯ್ಯನನ್ನು ಕರೆಸಿ, ಮಗನ ವಿಷಯ ಬಿಟ್ಟು ಮಂದೆಯ ವಿಷಯ ಕೇಳಿದರು. ಮತ್ತೋಡಿನ ಕಡೆ ಯಾರ ಹೊಲದಲ್ಲಿ ಕುರಿ ತರುಬುತ್ತೀರಿ? ಗೊಬ್ಬರಕ್ಕೆಂದು ವರ್ಷವರ್ಷವೂ ತಪ್ಪದೆ ಮಂದೆ ನಿಲ್ಲಿಸಿಕೊಳ್ಳುವ ರೈತ ಕುರಿಗಾಹಿಗೆ ನೆಂಟನಿಗಿಂತ ಹತ್ತಿರ. ಮುದುಕ ಹಿಂದುಮುಂದು ನೋಡದೆ ಹೇಳಿದ: ರೇವಣಸಿದ್ದಪ್ಪ.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 11.30. ಮತ್ತೋಡಿನ ಹೊರಗೆ ಜೀಪು ನಿಂತಾಗ ರೇವಣಸಿದ್ದಪ್ಪ ಹೊಲದ ದಾರಿಗೆ ಅಡ್ಡ ನಿಂತಿದ್ದ. ಇಲ್ಲಿ ಯಾರೂ ಇಲ್ಲ, ಬೇಕಾದರೆ ಹುಡುಕಿ ಎಂದು ದೊಡ್ಡ ದನಿಯಲ್ಲಿ ಹೇಳಿದ. ಆ ದನಿ ಪೊಲೀಸರಿಗೆ ಹೇಳಿದ್ದಲ್ಲ, ಹಿಂದಿನ ಈರುಳ್ಳಿ ಶೆಡ್ಡಿಗೆ ಕೇಳಿಸಲೆಂದು ಹೇಳಿದ್ದು. ಬಿದಿರ ಗಳಗಳ ಸಂದಿಯಿಂದ ಬಂದೂಕಿನ ನಳಿಗೆ ಆಗಲೇ ಹೊರಗೆ ಬಂದಿತ್ತು.

"ಹತ್ರ ಬಂದ್ರೆ ಹೊಡೀತೀನಿ."

ದೀಪಾ ಕೈ ಎತ್ತಿ ಸಿಬ್ಬಂದಿಯನ್ನು ಹಿಂದಕ್ಕೆ ಸರಿಸಿದರು. ಅಷ್ಟರಲ್ಲಿ ಊರಿನ ಜನ ಸೇರತೊಡಗಿದರು. ಹಿಂದೆಯೇ ಚಾನೆಲ್ಲಿನ ಗಾಡಿ ಧೂಳೆಬ್ಬಿಸುತ್ತ ಬಂತು. ಶಿಳ್ಳೆ, ಜೈಕಾರ. ಅಂಜನಪ್ಪ ಟೋಪಿ ತೆಗೆದು ಜೀಪಿನಲ್ಲಿಟ್ಟ. ಮೇಡಮ್ ಕಡೆ ನೋಡಿದ. ಅವರು ತಲೆಯಾಡಿಸಿದ ಮೇಲೆ ಬರಿಗೈಯಲ್ಲಿ ನಡೆದು, ಶೆಡ್ಡಿಗೆ ಹದಿನೈದು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕುಳಿತ. ನಳಿಗೆ ಅವನ ಕಡೆಗೇ ತಿರುಗಿತು.

"ಜುಂಜೇಶ, ಒಂದೇ ಒಂದು ಕೇಳ್ತೀನಪ್ಪ. ಅವತ್ತು ಅವನ ಮಕ ಯಾ ಕಡೆ ಇತ್ತು?"

ಅಂಜನಪ್ಪ ಕಾದ. ಜನ್ಮದಲ್ಲಿ ಅಷ್ಟು ಹೊತ್ತು ಅವನು ಬಾಯಿ ಮುಚ್ಚಿಕೊಂಡು ಕುಳಿತದ್ದಿಲ್ಲ.

"ನಮ್ ಕಡೆ," ಎಂದಿತು ಒಳಗಿನ ದನಿ.

"ಏನಾರ ಅಂದ್ನಾ?"

"ಹೊಡೆದ ಮ್ಯಾಲೆ ಅಂದ. ಮರಿ ತಗಳಪ್ಪ, ನಿಮ್ದೇ ಅಂದ."

ನಳಿಗೆ ಸರಕ್ಕನೆ ಒಳಗೆ ಹೋಯಿತು. ಅದು ಈಗ ಜುಂಜೇಶನ ಕಡೆಗೇ ತಿರುಗಿದೆ ಎಂದು ಅಂಜನಪ್ಪನಿಗೆ ಹೊಳೆಯಿತು.

"ಲೇ, ಆ ಮಾತು ಕೇಳಿರೋನು ನೀನೊಬ್ನೇ. ನೀನು ಸತ್ರೆ ಅದೂ ಸಾಯ್ತೈತೆ. ಅವನ ಹೆಂಡ್ತಿ ಬಂದಿದ್ಲು ಠಾಣೆಗೆ. ನಿನ್ನ ಒಂದು ಮಾತೂ ಬೈಲಿಲ್ಲ. ಕಳ್ಳ ಅಂದಿದ್ದನ್ನ ತೆಗೀರಿ ಅಂದ್ಲು, ಅಷ್ಟೇ."

ಬಂದೂಕು ಬಾಗಿಲಿನಿಂದ ಹೊರಗೆ ಬಂದು ಬಿತ್ತು. ಹಿಂದೆಯೇ ಅವನು ಬಂದ.

ಬಂಧನದ ಸಮಯ 12.05. ಪಂಚರ ಸಮಕ್ಷಮ ಒಂಟಿ ನಳಿಗೆಯ ನಾಡಬಂದೂಕು ಒಂದು, ಚರೆಯ ಪೊಟ್ಟಣ ಒಂದು ವಶಕ್ಕೆ. ಜೀಪಿನ ಹತ್ತಿರ ರೇವಣಸಿದ್ದಪ್ಪ ಹಾರ ಹಿಡಿದು ನಿಂತಿದ್ದ. ಮೈಕು ಹಿಡಿದವನು ನುಗ್ಗಿ ಬಂದ. ದೀಪಾ ತಡೆಯಬೇಕಿತ್ತು. ತಡೆಯಲಿಲ್ಲ.

"ಅವನು ಕಳ್ಳ ಅಲ್ಲ. ನಮ್ ಮರಿ ಕೊಡಾಕೆ ಬಂದಿದ್ದ," ಎಂದ ಜುಂಜೇಶ್.

ಪೊಲೀಸರು ಹೇಳಿಕೊಟ್ಟರಾ ಎಂದು ಮೈಕಿನವನು ಕೇಳಿದ. ಜುಂಜೇಶ್ ಅದೇ ಮಾತನ್ನು ಇನ್ನೊಂದು ಸಲ ಹೇಳಿದ. ಜೈಕಾರ ಹಿಂದಿನ ಸಾಲಿನಲ್ಲಿ ಸ್ವಲ್ಪ ಹೊತ್ತು ಎಳೆದಾಡಿ ನಿಂತುಹೋಯಿತು. ರೇವಣಸಿದ್ದಪ್ಪ ಹಾರವನ್ನು ಏನು ಮಾಡಬೇಕೆಂದು ತಿಳಿಯದೆ ಹೆಗಲ ಟವಲಿನೊಳಗೆ ಸುತ್ತಿಕೊಂಡ.

ಠಾಣೆಯಲ್ಲಿ ಬರೆದುಕೊಂಡ ಹೇಳಿಕೆ ಒಂದೂವರೆ ಪುಟ. ಜನವರಿಯಲ್ಲಿ ಅವನು ಮದುವೆಯೊಂದಕ್ಕೆ ಹೋಗಿದ್ದಾಗ ಕಳ್ಳರು ಕಾಟಯ್ಯನನ್ನು ಕಟ್ಟಿಹಾಕಿ ಮೂವತ್ತು ಕುರಿ ಹೊಡೆದುಕೊಂಡು ಹೋಗಿದ್ದರು. ಮದುವೆ ಊಟ ರುಚಿಯಾಗಿತ್ತಾ ಎಂದು ಹಟ್ಟಿಯವರು ಸಿಕ್ಕಸಿಕ್ಕಲ್ಲಿ ಕೇಳುತ್ತಿದ್ದರು. ಅಂದಿನಿಂದ ಏಳು ವಾರ ಅವನು ನೆಟ್ಟಗೆ ಮಲಗಿರಲಿಲ್ಲ. ಮಬ್ಬಿನಲ್ಲಿ ಮರಿ ಹಿಡಿದ ಮನುಷ್ಯನೊಬ್ಬ ಕಂಡಾಗ, ಬರುತ್ತಿದ್ದಾನೋ ಹೋಗುತ್ತಿದ್ದಾನೋ ನೋಡುವಷ್ಟು ಹೊತ್ತು ಕಾಯಲಿಲ್ಲ. ಮೊದಲು ಓಡಿದ್ದು ಪೊಲೀಸರಿಗೆ ಹೆದರಿ. ಆಮೇಲೆ ಅಡಗಿದ್ದು, ಹೊಗಳುತ್ತಿರುವ ಜನಕ್ಕೆ ನಿಜ ಹೇಳುವುದು ಹೇಗೆಂದು ತಿಳಿಯದೆ. ಇದನ್ನೇ ನ್ಯಾಯಾಧೀಶರ ಮುಂದೆಯೂ ಹೇಳುತ್ತೇನೆ ಎಂದ.

ಸಂಜೆ 4.10ಕ್ಕೆ ಅಂಜನಪ್ಪ ಚಿಕ್ಕಜಾಜೂರಿಗೆ ಫೋನ್ ಮಾಡಿದ. ಚೈತ್ರಾ ಆಗಲೇ ಟಿವಿಯಲ್ಲಿ ನೋಡಿದ್ದಳು. ಅವಳ ಹಿಂದೆ ಬಹಳ ಜನ ಮಾತಾಡುವ ಗದ್ದಲ ಕೇಳುತ್ತಿತ್ತು.

"ಓಣಿಯೋರೆಲ್ಲ ಬಂದು ನಿಂತವ್ರೆ ಸಾರ್," ಎಂದಳು. "ಕುಂತ್ಕಳ್ರಿ ಅನ್ನಾಕೆ ನಂಗೆ ಬಾಯಿ ಬರ್ತಿಲ್ಲ."