ಬೊಪ್ಪಯ್ಯ ಬರೆದ ಮೃಗಗಳು

ಕಡಲಿಗೆ ಇನ್ನೂ ಯಾರೂ ಹೆಸರಿಡದ ಕಾಲ. ರತ್ನಾವಳಿ ಎಂಬ ರಾಜ್ಯದಲ್ಲಿ ಬೊಪ್ಪಯ್ಯನೆಂಬ ಭೂಪಟಗಾರನಿದ್ದ. ಅವನ ಭೂಗೋಳದ ಪುಸ್ತಕವೆಂದರೆ ಪಂಡಿತರಿಗೆ ಪ್ರಾಣ. ಆದರೆ ಪಟದಲ್ಲಿ ಅಂಗುಲ ಜಾಗ ಖಾಲಿ ಬಿಟ್ಟರೂ ಮಹಾಶಯರು ಮೂಗು ಮುರಿಯುತ್ತಿದ್ದರು. ಅದಕ್ಕೇ ಬೊಪ್ಪಯ್ಯ, ಆ ಕಸುಬಿನ ಎಲ್ಲರಂತೆ, ತಾನು ಕಾಣದ ಸೀಮೆಯಲ್ಲೆಲ್ಲ ಒಂದೊಂದು ಮೃಗ ಬರೆದುಬಿಡುತ್ತಿದ್ದ.

ಧೂಮಾಕ್ಷನೆಂಬ ಮಾಂತ್ರಿಕ ಇದನ್ನು ನೋಡಿ ನಕ್ಕು, ಪುಸ್ತಕದ ಮೇಲೆ ಹಿಡಿ ಬೂದಿ ಊದಿದ. ಮೃಗಗಳಿಗೆಲ್ಲ ಜೀವ ಬಂತು. ಪಟದಲ್ಲಿ ಎಲ್ಲೆಲ್ಲಿದ್ದವೋ ನೆಲದ ಮೇಲೂ ಅಲ್ಲಲ್ಲೇ ಎದ್ದು ನಿಂತವು. ದಕ್ಷಿಣದ ಮೂಲೆಯಲ್ಲಿ ಬೊಪ್ಪಯ್ಯ ಬರೆದಿದ್ದು ಬೆಂಕಿಯುಗುಳುವ ಹಂದಿ. ಅವನ ಒಬ್ಬಳೇ ಮಗಳು ಚೆನ್ನವ್ವೆಯನ್ನು ಕೊಟ್ಟ ಊರೂ ಅಲ್ಲೇ ಇತ್ತು. ಹೋಗಿ ನೋಡಿದ್ದರೆ ತಾನೆ ತಿಳಿಯುವುದು! ಮಗಳು ಹಬ್ಬಹಬ್ಬಕ್ಕೂ ಕರೆದಳು, ಇವನು ‘ಪುಸ್ತಕ ಮುಗಿಯಲಿ’ ಎಂದ.

ಸುದ್ದಿ ಕೇಳಿ ಎದೆ ಒಡೆದುಕೊಂಡ ಬೊಪ್ಪಯ್ಯ ಪಟ, ಮಸಿ, ಲೇಖನಿ ಹಿಡಿದು ಹೊರಟ.

ದಾರಿಯಲ್ಲಿ ಎರಡು ತಲೆಯ ಹುಲಿ ಅಡ್ಡ ಬಂತು. ಒದ್ದೆ ಬಟ್ಟೆಯಿಂದ ಪಟವನ್ನು ಎಷ್ಟು ಉಜ್ಜಿದರೂ ಹುಲಿ ಹೋಗಲಿಲ್ಲ. ಬಂಡೆಯ ಮರೆಯಿಂದ ಕುರಿ ಕಾಯುವ ಅಜ್ಜಿ ಕೂಗಿದಳು: “ಇದು ನಮ್ಮ ಹುಲ್ಲುಗಾವಲು ಕಣಪ್ಪಾ! ಹುಲಿ ಯಾವತ್ತಿತ್ತು ಇಲ್ಲಿ?”

ಬೊಪ್ಪಯ್ಯ ‘ಹುಲ್ಲುಗಾವಲು’ ಎಂದು ಬರೆದ. ಹುಲಿ ಮಾಯವಾಯಿತು.

ಮುಂದೆ ಹೊಳೆಯಲ್ಲಿ ಹೆಡೆಯೆತ್ತಿದ ಮಹಾಸರ್ಪ. ಈ ಸಲ ಅವನೇ ದಡದಲ್ಲಿದ್ದ ಮೀನುಗಾರನನ್ನು ಕೇಳಿದ. “ಇಲ್ಲಿ ಮೊಣಕಾಲುದ್ದ ನೀರು ಸ್ವಾಮಿ, ನಡೆದೇ ದಾಟ್ತೀವಿ,” ಎಂದ ಅವನು. ಹಾಗೇ ಬರೆದೊಡನೆ ಸರ್ಪವೂ ಹೋಯಿತು.

ಮೂರನೆಯದು ಮಗಳ ಊರು. ಹಂದಿ ಊರ ಸುತ್ತ ಬೆಂಕಿಯ ಬೇಲಿ ಹಾಕಿತ್ತು. ಕೇಳೋಣವೆಂದರೆ ಹೊರಗೆ ಒಂದು ನರಪಿಳ್ಳೆಯಿಲ್ಲ. ಧೂಮಾಕ್ಷನೊಬ್ಬನೇ ನಿಂತಿದ್ದ.

“ಇಲ್ಲಿ ಏನಿದೆ, ಬರಿ. ಒಂದಕ್ಷರ ಸುಳ್ಳಾದರೂ ಊರು ಬೂದಿ!”

ಬಾವಿ ಎಲ್ಲಿದೆ? ಮಗಳ ಮನೆ ಯಾವ ಕಡೆ? ಲೋಕವನ್ನೆಲ್ಲ ಬರೆದವನಿಗೆ ಅಷ್ಟೂ ಗೊತ್ತಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅಳು ಬಂತು. ಕೊನೆಗೆ ಬರೆದ: ‘ಈ ಊರನ್ನು ನಾನು ಕಂಡಿಲ್ಲ.’

ಅದಕ್ಕಿಂತ ನಿಜ ಇನ್ನೇನಿದೆ? ಬೆಂಕಿ ಆರಿತು, ಹಂದಿ ಹೋಯಿತು, ಸುಳ್ಳನ್ನೇ ತಿಂದು ಬೆಳೆದಿದ್ದ ಧೂಮಾಕ್ಷ ಹೊಗೆಯಾಗಿ ಚದುರಿಹೋದ.

ಬಾಗಿಲುಗಳು ತೆರೆದವು. ಚೆನ್ನವ್ವೆ ಓಡಿ ಬಂದಳು. “ಅಪ್ಪಯ್ಯಾ, ಈಗಲಾದರೂ ಬಂದೆಯಲ್ಲ!”

ಊರವರೆಲ್ಲ ಸುಖವಾಗಿದ್ದರು. ಹೊಸ ಪುಸ್ತಕದ ತುಂಬ ಖಾಲಿ ಜಾಗಗಳನ್ನು ಕಂಡು ಪಂಡಿತರು ಗೊಣಗಿದರು. ಬೊಪ್ಪಯ್ಯನಿಗೆ ಅದು ಕೇಳಿಸಲೇ ಇಲ್ಲ. ಹಬ್ಬಕ್ಕೆ ಮಗಳ ಮನೆಗೆ ಹೋಗಿದ್ದ.